ಬೈಕ್ ಅಪಘಾತ ಮತ್ತು ಪರಿಹಾರ: ದಾವಣಗೆರೆ, ಚಿತ್ರದುರ್ಗದ ಸವಾರರಿಗೆ ಸಮಗ್ರ ಮಾರ್ಗದರ್ಶಿ

ರಸ್ತೆ ಅಪಘಾತದ ಪರಿಹಾರ ಪ್ರಕರಣಗಳಲ್ಲಿ ಬಹಳಷ್ಟು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಸೋತಿರುತ್ತವೆ. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಬರೆಸಿದ ಒಂದು ತಪ್ಪು ಸಾಲು, ಕಂತು ಕಟ್ಟದೆ ಬಿಟ್ಟ ವಿಮೆ, ವಾರ ಕಳೆದು ಕೊಟ್ಟ ದೂರು, ಇವುಗಳಿಂದಲೇ ಲಕ್ಷಾಂತರ ರೂಪಾಯಿ ಕೈತಪ್ಪುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಕೋರ್ಟಿನಿಂದ ಶುರುವಾಗುವುದಿಲ್ಲ, ಬೈಕಿನ ಬಾಕ್ಸ್‌ನಲ್ಲಿ ಮಡಚಿಟ್ಟ ವಿಮಾ ಕಾಗದದಿಂದ ಶುರುವಾಗುತ್ತದೆ.

ವಿಮೆ ಕಾಗದ ತೆಗೆದು ಓದಿ

ಪಾಲಿಸಿಯಲ್ಲಿ ಮೂರು ವಿಷಯ ನೋಡಬೇಕು.

ಮೊದಲನೆಯದು, ಥರ್ಡ್ ಪಾರ್ಟಿ ವಿಮೆಯ ಅವಧಿ. ಇದು ಕಾನೂನಿನ ಪ್ರಕಾರ ಕಡ್ಡಾಯ. ಇಲ್ಲದೆ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ದಂಡ ಇಲ್ಲಿ ಸಣ್ಣ ವಿಷಯ. ನಿಮ್ಮ ಬೈಕ್ ತಗುಲಿ ಯಾರಾದರೂ ಸತ್ತರೆ, ವಿಮೆ ಇಲ್ಲದಿದ್ದಾಗ ಪೂರ್ತಿ ಪರಿಹಾರ ಮಾಲೀಕರ ಮನೆ, ಹೊಲದಿಂದಲೇ ವಸೂಲಾಗುತ್ತದೆ.

ಎರಡನೆಯದು, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಇದು 15 ಲಕ್ಷ ರೂಪಾಯಿಯದು. ಥರ್ಡ್ ಪಾರ್ಟಿ ವಿಮೆ ಬೇರೆಯವರಿಗೆ ಆದ ಹಾನಿಗೆ ಮಾತ್ರ. ಮಳೆಯಲ್ಲಿ ಜಾರಿಯೋ, ನಾಯಿ ಅಡ್ಡ ಬಂದೋ ನೀವೇ ಬಿದ್ದರೆ ಅದರಿಂದ ಬಿಡಿಗಾಸೂ ಸಿಗದು. ಆಗ ಕುಟುಂಬದ ಕೈಹಿಡಿಯುವುದು ಈ ವೈಯಕ್ತಿಕ ವಿಮೆ ಒಂದೇ. ಸಾವು ಸಂಭವಿಸಿದರೆ ಪೂರ್ತಿ ಮೊತ್ತ, ಒಂದು ಕೈ ಅಥವಾ ಕಾಲು ಅಥವಾ ಒಂದು ಕಣ್ಣು ಹೋದರೆ ಅರ್ಧ. ಸಾಮಾನ್ಯ ಮೂಳೆ ಮುರಿತಕ್ಕೆ ಇದು ಅನ್ವಯಿಸುವುದಿಲ್ಲ. ಸವಾರರಿಗೆ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು, ಪಾಲಿಸಿ ಅವರದೇ ಹೆಸರಿನಲ್ಲಿರಬೇಕು. ಭಾವನ ಬೈಕನ್ನೋ ಸ್ನೇಹಿತರ ಬೈಕನ್ನೋ ಎರವಲು ಪಡೆದು ಓಡಿಸುವಾಗ ಬಿದ್ದರೆ ಮಾಲೀಕರ ಹೆಸರಿನ ಈ ರಕ್ಷಣೆ ನಿಮಗೆ ಬರುವುದಿಲ್ಲ. ಹಳ್ಳಿಗಳಲ್ಲಿ ಒಂದು ಬೈಕನ್ನು ಮನೆಮಂದಿಯೆಲ್ಲ ಓಡಿಸುವುದು ರೂಢಿ. ಅಂಥ ಮನೆಗಳಲ್ಲಿ ಪ್ರತಿಯೊಬ್ಬ ಸವಾರರ ಹೆಸರಿಗೂ ಪ್ರತ್ಯೇಕ ಅಪಘಾತ ವಿಮೆ ಮಾಡಿಸುವುದೇ ಸರಿಯಾದ ದಾರಿ.

ಮೂರನೆಯದು, ಹಿಂಬದಿ ಸವಾರರ ವಿಚಾರ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದು, ನಿಮ್ಮದೇ ತಪ್ಪಿನಿಂದ ಬಿದ್ದು ಹಿಂದೆ ಕೂತವರಿಗೆ ಗಾಯವಾದರೆ ವಿಮಾ ಕಂಪನಿ ಹೊಣೆ ಹೊರಲು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲೇ ಈ ವಾದವನ್ನು ಎತ್ತಿಹಿಡಿದಿದೆ. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಸೇರುತ್ತಾರೆ. ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರು ವರ್ಷಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟು ಇದನ್ನೇ ಕೊಳ್ಳಲಿ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರೂ ಎಚ್ಚರ ವಹಿಸಬೇಕು: ಆರ್‌ಸಿಯಲ್ಲಿ ನಿಮ್ಮ ಹೆಸರಿರುವ ತನಕ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು. ಬೈಕ್ ಕೈಬದಲಾದ ಮೇಲೆ ಆದ ಅಪಘಾತಕ್ಕೂ ನಿಮಗೇ ನೋಟಿಸು ಬರುತ್ತದೆ.

ಹೆಲ್ಮೆಟ್, ಟೈರ್, ಬ್ರೇಕ್

ಹೆಲ್ಮೆಟ್‌ನಲ್ಲಿ ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಮಾನಕ ಸಂಖ್ಯೆ ಮತ್ತು ತಯಾರಕರ ಲೈಸೆನ್ಸ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ರಸ್ತೆ ಬದಿಯ ರಾಶಿಯಿಂದ ಕೊಂಡ ಟೋಪಿ ದಂಡ ತಪ್ಪಿಸೀತು, ತಲೆ ಉಳಿಸದು. ಕೊಳ್ಳುವಾಗ ಪಟ್ಟಿ ಬಿಗಿದು, ಎರಡೂ ಕೈಯಿಂದ ಹೆಲ್ಮೆಟ್ಟನ್ನು ಪಕ್ಕಕ್ಕೆ ತಿರುಗಿಸಿ ನೋಡಿ. ಕೆನ್ನೆಯ ಚರ್ಮವೂ ಜೊತೆಗೇ ಎಳೆದುಕೊಂಡು ಬಂದರೆ ಅಳತೆ ಸರಿ, ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದು. ಗಲ್ಲದ ಪಟ್ಟಿಯಡಿ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಪದರ ಅಮುಕಿಹೋಗಿರುತ್ತದೆ. ಅದನ್ನು ಬದಲಿಸಲೇಬೇಕು. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ, ಹಿಂದೆ ಕೂತವರಿಗೂ, ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಸವಾರರ ಮೈಗೆ ಸೇರಿಸಿ ಕಟ್ಟುವ ಬೆಲ್ಟ್ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಬೇಕು, ಆಗ ವೇಗ 40 ಕಿಲೋಮೀಟರ್ ಮೀರಬಾರದು.

ಟೈರಿನ ಗಾಳಿಯನ್ನು ಬೆಳಿಗ್ಗೆ, ಬೈಕ್ ಓಡಿಸುವ ಮೊದಲು ನೋಡಿಸಿ. ಎಷ್ಟಿರಬೇಕು ಎಂಬುದು ಚೈನ್ ಕವರ್ ಅಥವಾ ಹಿಂಬದಿ ಫೋರ್ಕಿನ ಮೇಲಿನ ಸ್ಟಿಕರ್‌ನಲ್ಲಿದೆ, ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಇನ್ನೊಂದು. ಸೀರೆಗಾರ್ಡ್ ಬಿಚ್ಚಿಸಬೇಡಿ. ಸೆರಗು, ವೇಲು ಹಿಂಚಕ್ರಕ್ಕೆ ಸಿಕ್ಕಿ ಆಗುವ ಸಾವುಗಳಿಗೆ ಅದೊಂದೇ ತಡೆ.

ಬ್ರೇಕ್ ವಿಷಯದಲ್ಲಿ ಹಳೆಯ ಭಯವೊಂದಿದೆ: ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂದು. ಬ್ರೇಕ್ ಹಾಕಿದಾಗ ತೂಕ ಮುಂಚಕ್ರಕ್ಕೆ ವರ್ಗವಾಗುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಬ್ರೇಕಿನದು. ಎರಡನ್ನೂ ಒಟ್ಟಿಗೆ, ಹಿಂಡುತ್ತಾ ಹೋಗುವಂತೆ ಹಿಡಿಯಬೇಕು. ಜಾರುವುದು ಹ್ಯಾಂಡಲ್ ತಿರುಗಿರುವಾಗ ಅಥವಾ ಮರಳಿನ ಮೇಲೆ ಮುಂದಿನದನ್ನು ಗಕ್ಕನೆ ಎಳೆದಾಗ. ಖಾಲಿ ಮೈದಾನದಲ್ಲಿ 30ರ ವೇಗದಲ್ಲಿ ಅಭ್ಯಾಸ ಮಾಡಿ. ಲೆಕ್ಕವನ್ನೂ ತಿಳಿದಿರಿ: ಒಣ ರಸ್ತೆಯಲ್ಲಿ 60ರ ವೇಗದಲ್ಲಿ ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಬೈಕ್ ಸುಮಾರು 25 ಮೀಟರ್ ಓಡಿರುತ್ತದೆ, ನಿಲ್ಲಲು ಇನ್ನೂ 23 ಮೀಟರ್ ಬೇಕು. 80ರಲ್ಲಿ ಒಟ್ಟು ದೂರ 70 ಮೀಟರ್ ದಾಟುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

ನಮ್ಮ ರಸ್ತೆಗಳಲ್ಲಿ ಏನೇನು ಕಾದಿರುತ್ತದೆ

ಹಿರಿಯೂರಿನಿಂದ ಚಿತ್ರದುರ್ಗ, ಭರಮಸಾಗರ, ದಾವಣಗೆರೆ ದಾಟಿ ಹರಿಹರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿಗೆ ಎದುರಾಗುವ ದೊಡ್ಡ ಅಪಾಯಗಳೆಂದರೆ ಎಡಬದಿಯಲ್ಲಿ ಲೈಟಿಲ್ಲದೆ ನಿಂತ ಲಾರಿ, ಸುತ್ತು ತಪ್ಪಿಸಲು ರಾಂಗ್ ಸೈಡಿನಲ್ಲಿ ಬರುವ ವಾಹನ ಮತ್ತು ಸರ್ವಿಸ್ ರಸ್ತೆಯಿಂದ ನೋಡದೆ ನುಗ್ಗುವವರು. ವಿಭಜಕವಿರುವ ಇಂಥ ಹೆದ್ದಾರಿಯಲ್ಲಿ ಬೈಕಿನ ಗರಿಷ್ಠ ಮಿತಿ 80, ಉಳಿದ ರಸ್ತೆಗಳಲ್ಲಿ 60.

ಒಳರಸ್ತೆಗಳ ಕಥೆ ಬೇರೆ. ಮೆಕ್ಕೆಜೋಳದ ಕಟಾವು ಮುಗಿದ ಮೇಲೆ ಟಾರು ರಸ್ತೆಯ ಅರ್ಧ ಭಾಗ ಕಣವಾಗುತ್ತದೆ. ಹಗಲು ಕಾಳು ಹರವಿ ಒಣಗಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಅದರ ಅಂಚು ಹಾರದಂತೆ ಸುತ್ತ ತಲೆಗಾತ್ರದ ಕಲ್ಲು ಇಡುತ್ತಾರೆ. ಕಪ್ಪು ಟಾರ್ಪಾಲು, ಕಪ್ಪು ರಸ್ತೆ, ಎದುರಿನಿಂದ ಬರುವ ವಾಹನದ ಹೈಬೀಮ್: ಮುಂಚಕ್ರ ಕಲ್ಲಿಗೆ ಬಡಿದ ಮೇಲೆಯೇ ರಾಶಿ ಇತ್ತೆಂದು ಗೊತ್ತಾಗುವುದು. ಹುರುಳಿ, ರಾಗಿ ಒಕ್ಕಣೆಗೆ ರಸ್ತೆಗೆ ಹಾಸಿದ ಸೊಪ್ಪೆಯ ಮೇಲೆ ಟೈರಿಗೆ ಹಿಡಿತವೇ ಇರದು. ಇಲ್ಲಿ ಕಾನೂನಿನ ಒಂದು ಕಹಿ ಅಂಶವೂ ಇದೆ. ರಾಶಿಗೆ ಗುದ್ದಿದರೆ ಎದುರು ಪಕ್ಷದಲ್ಲಿ ಮೋಟಾರು ವಾಹನವೇ ಇಲ್ಲ, ಹಾಗಾಗಿ ವಾಹನ ವಿಮೆಯಿಂದ ಪರಿಹಾರ ಕೇಳಲು ಯಾರೂ ಸಿಗುವುದಿಲ್ಲ. ಎತ್ತಿನಗಾಡಿಗೆ ಡಿಕ್ಕಿಯಾದರೂ ಇದೇ ಪರಿಸ್ಥಿತಿ.

ಭದ್ರಾ ನಾಲೆಯ ಬಯಲಿನಲ್ಲಿ ನಾಟಿ ಕಾಲದಲ್ಲಿ ಗದ್ದೆಯಿಂದ ಎದ್ದು ಬರುವ ಟ್ರ್ಯಾಕ್ಟರ್‌ಗಳು ರಸ್ತೆಯ ಮೇಲೆ ಕೆಸರಿನ ಹೆಂಟೆ ಉದುರಿಸುತ್ತವೆ. ಒಂದು ಸೋನೆ ಮಳೆ ಬಿದ್ದರೆ ಅದು ಜಾರುಬಂಡೆ. ಕಬ್ಬು, ಹುಲ್ಲು ಹೇರಿದ ಟ್ರೇಲರ್‌ಗಳಿಗೆ ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇರುವುದು ಅಪರೂಪ. ಇಂಥ ಟ್ರೇಲರ್ ಡಿಕ್ಕಿಯಾದರೆ ಟ್ರ್ಯಾಕ್ಟರ್ ನಂಬರಿನ ಜೊತೆ ಟ್ರೇಲರಿನ ನಂಬರನ್ನೂ ಬರೆದುಕೊಳ್ಳಬೇಕು. ಎರಡಕ್ಕೂ ನೋಂದಣಿ ಬೇರೆ ಬೇರೆ. ಎಂಜಿನ್ನಿಗೆ ಮಾತ್ರ ವಿಮೆ ಇದ್ದು ಟ್ರೇಲರಿಗೆ ಇಲ್ಲದಿದ್ದರೆ ಕಂಪನಿ ಅದನ್ನೇ ಹಿಡಿದು ತಕರಾರು ಎತ್ತುತ್ತದೆ. ನಿಂತಿದ್ದ ವಾಹನಕ್ಕೆ ನೀವೇ ಹೋಗಿ ಗುದ್ದಿದರೂ ಅದು ದೀಪ, ಸೂಚನೆ ಇಲ್ಲದೆ ನಿಂತಿದ್ದರೆ ಪರಿಹಾರದ ಹಕ್ಕು ಇದೆ. ನಿಮ್ಮ ಪಾಲಿನ ತಪ್ಪಿಗೆ ತಕ್ಕಷ್ಟು ಕಡಿತವಾಗಬಹುದು, ಅಷ್ಟೇ.

ಅಪಘಾತವಾದ ಮೊದಲ ಗಂಟೆ

112 ಅಥವಾ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಹುಡುಕಾಡುವುದು ತಪ್ಪುತ್ತದೆ.

ಗಾಯಾಳುವಿಗೆ ನೀರು ಕುಡಿಸಬೇಡಿ. ಪ್ರಜ್ಞೆ ಇಲ್ಲದವರ ಗಂಟಲಲ್ಲಿ ಅದು ಶ್ವಾಸಕ್ಕೆ ಹೋಗುತ್ತದೆ. ರಕ್ತ ಸುರಿಯುವ ಜಾಗಕ್ಕೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ಹೆಲ್ಮೆಟ್ಟನ್ನು ಎಳೆದು ಕೀಳಬಾರದು. ಉಸಿರಾಟ ಸರಾಗವಾಗಿದ್ದರೆ ಹಾಗೇ ಬಿಡಿ. ತೆಗೆಯಲೇಬೇಕಾದರೆ ಒಬ್ಬರು ಕುತ್ತಿಗೆ, ದವಡೆಯನ್ನು ಅಲುಗದಂತೆ ಹಿಡಿದು ಇನ್ನೊಬ್ಬರು ನಿಧಾನಕ್ಕೆ ತೆಗೆಯಬೇಕು. ತಲೆಗೆ ಪೆಟ್ಟಾದವರು ಎದ್ದು ಮಾತನಾಡಿ, ಕೆಲವು ತಾಸು ಕಳೆದು ಕುಸಿಯುವುದುಂಟು. ವಾಂತಿ, ಮಂಪರು, ಕಿವಿ ಮೂಗಿನಿಂದ ರಕ್ತ ಕಂಡರೆ ತಡಮಾಡದೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೋಗಬೇಕು. ಈ ಕಾರಣಕ್ಕೇ ಸ್ಥಳದಲ್ಲೇ ಐದು ಸಾವಿರ ಇಸಿದುಕೊಂಡು ರಾಜಿಯಾಗುವುದು ಅಪಾಯ. ಪೆಟ್ಟು ಎಷ್ಟು ಒಳಗಿದೆ ಎಂದು ಆಗ ಯಾರಿಗೂ ಗೊತ್ತಿರುವುದಿಲ್ಲ.

ಗಾಯಾಳುವನ್ನು ಸೇರಿಸಿದವರು ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಎಂಬ ಹೆದರಿಕೆ ಬೇಡ. ಮೋಟಾರು ವಾಹನ ಕಾಯ್ದೆಯ 134-ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳುವಂತೆ ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ.

ಜೊತೆಗಿರುವ ಒಬ್ಬರು ಮೊಬೈಲಿನಲ್ಲಿ ಫೋಟೊ ತೆಗೆಯಲಿ: ಎರಡೂ ವಾಹನ ನಿಂತ ಜಾಗ, ನಂಬರ್ ಪ್ಲೇಟು, ಟೈರಿನ ಗೀರು, ಒಡೆದ ಗಾಜು ಬಿದ್ದ ಸ್ಥಳ, ಹತ್ತಿರದ ಅಂಗಡಿ ಅಥವಾ ಪೆಟ್ರೋಲ್ ಬಂಕಿನ ಸಿಸಿಟಿವಿ. ಈ ದೃಶ್ಯಾವಳಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಆದ್ದರಿಂದ ಅದನ್ನು ವಶಕ್ಕೆ ಪಡೆಯುವಂತೆ ಠಾಣೆಗೆ ಬರವಣಿಗೆಯಲ್ಲಿ ಕೇಳಿ.

ಆಸ್ಪತ್ರೆಯಲ್ಲಿ ಬರೆಸುವ ಮೊದಲ ಸಾಲು

ಇಡೀ ಪ್ರಕರಣದ ಅಡಿಪಾಯ ಇದು. ಚಿಗಟೇರಿ ಆಸ್ಪತ್ರೆಯಿರಲಿ, ಚಿತ್ರದುರ್ಗದ ಜಿಲ್ಲಾಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ದಾಖಲಿಸುವಾಗ ‘ಏನಾಯ್ತು?’ ಎಂದು ಕೇಳಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಗಾಬರಿಯಲ್ಲಿರುವ ಸಂಬಂಧಿಕರು, ‘ಬೈಕಿಂದ ಬಿದ್ಬಿಟ್ಟ ಸಾರ್’ ಎನ್ನುತ್ತಾರೆ. ದಾಖಲೆಯಲ್ಲಿ ‘ಸ್ವಯಂ ಬಿದ್ದು ಗಾಯ’ ಎಂದಾಗುತ್ತದೆ. ವರ್ಷದ ನಂತರ ವಿಮಾ ಕಂಪನಿಯ ವಕೀಲರು ಅದೇ ಪುಟವನ್ನು ನ್ಯಾಯಾಧೀಶರ ಮುಂದಿಟ್ಟು, ಲಾರಿ ಗುದ್ದಿದ ಕಥೆ ಆಮೇಲೆ ಕಟ್ಟಿದ್ದು ಎಂದು ವಾದಿಸುತ್ತಾರೆ.

ನಡೆದದ್ದನ್ನು ನಡೆದಂತೆ, ಪೂರ್ತಿಯಾಗಿ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ, ಯಾವ ಕಡೆಯಿಂದ ಬಂತು, ನಂಬರ್ ಗೊತ್ತಿದ್ದರೆ ನಂಬರ್. ಗೊತ್ತಿಲ್ಲದಿದ್ದರೆ ‘ಅಪರಿಚಿತ ವಾಹನ ಡಿಕ್ಕಿ’ ಎನ್ನಿ. ಬೇರೆ ವಾಹನವೇ ಇಲ್ಲದಿದ್ದರೆ ಇತ್ತೆಂದು ಹೇಳಬೇಡಿ. ಗುರುತಿನವರ ವಾಹನವನ್ನು ‘ತೋರಿಸಿ’ ಕೇಸು ಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳು ಆಸ್ಪತ್ರೆ ಬಾಗಿಲಲ್ಲೇ ಸಿಗುತ್ತಾರೆ. ಅದು ವಂಚನೆ, ಸಿಕ್ಕಿಬಿದ್ದರೆ ಕ್ರಿಮಿನಲ್ ಮೊಕದ್ದಮೆ.

ಚಿಕಿತ್ಸೆ ವೆಚ್ಚಕ್ಕೆ ಮೇ 2025ರಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸಾ ಯೋಜನೆಯನ್ನು ಅಧಿಸೂಚಿಸಿದೆ. ಗುರುತಿಸಿದ ಆಸ್ಪತ್ರೆಗಳಲ್ಲಿ ಒಬ್ಬ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನದವರೆಗೆ ಗರಿಷ್ಠ 1.5 ಲಕ್ಷ ರೂಪಾಯಿ. ದಾಖಲಾಗುವಾಗಲೇ ಈ ಯೋಜನೆಯಡಿ ಸೇರಿಸಿಕೊಳ್ಳುವಂತೆ ಕೇಳಿ, ಪೊಲೀಸರಿಗೂ ಆಗಲೇ ಮಾಹಿತಿ ಕೊಡಿ. ಔಷಧಿ ಅಂಗಡಿಯ ಪ್ರತಿ ಬಿಲ್ಲಿನ ಮೇಲೆ ರೋಗಿಯ ಹೆಸರಿರಲಿ. ಬಾಡಿಗೆ ಕಾರಿನ ರಸೀದಿ, ಎಕ್ಸ್‌ರೇ ಫಿಲ್ಮ್, ಡಿಸ್ಚಾರ್ಜ್ ಸಾರಾಂಶ, ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಥರ್ಮಲ್ ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಮಾಸುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಠಾಣೆಯಲ್ಲಿ

ದೂರನ್ನು ಅದೇ ದಿನ, ತಪ್ಪಿದರೆ ಮರುದಿನ ಕೊಡಿ. ಚಿಕಿತ್ಸೆಯ ಓಡಾಟದಲ್ಲಿ ತಡವಾದರೆ ಆ ಕಾರಣವನ್ನು ದೂರಿನಲ್ಲೇ ಬರೆಸಿ. ತಡವಾಯಿತೆಂಬ ಒಂದೇ ನೆಪಕ್ಕೆ ಪರಿಹಾರ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ, ಆದರೂ ಕಾರಣ ಕಾಗದದ ಮೇಲೆ ಇರಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕಾದದ್ದು ನಿಮ್ಮ ಹಕ್ಕು. ವಾಹನದ ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದರೂ ಕೂಡಲೇ ಹೆಚ್ಚುವರಿ ಹೇಳಿಕೆ ಕೊಟ್ಟು ಸರಿಪಡಿಸಿ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, 10 ದಿನದೊಳಗೆ ನಿಮ್ಮ ಹಕ್ಕುಗಳ ವಿವರವಿರುವ ನಮೂನೆಯನ್ನು ನಿಮಗೆ ಕೊಡಬೇಕು, 90 ದಿನದೊಳಗೆ ವಿವರ ವರದಿ ಸಲ್ಲಿಸಬೇಕು. ಕೇಳಿದವರಿಗೆ ಇದು ಬೇಗ ಆಗುತ್ತದೆ, ಹಾಗಾಗಿ ದಿನಾಂಕ ಹಿಡಿದು ವಿಚಾರಿಸಿ.

ಮೋಟಾರು ವಾಹನ ನಿರೀಕ್ಷಕರು ಬಂದು ನೋಡುವ ತನಕ ಬೈಕ್ ರಿಪೇರಿ ಮಾಡಿಸಬೇಡಿ. ಯಾವ ಭಾಗ ನುಜ್ಜಾಗಿದೆ ಎಂಬ ಅವರ ವರದಿಯೇ ಡಿಕ್ಕಿ ಎಲ್ಲಿಂದ ಬಿತ್ತು ಎಂಬುದಕ್ಕೆ ಸಾಕ್ಷಿ. ಸ್ಥಳ ಮಹಜರು ಮತ್ತು ಕೈನಕ್ಷೆ ಬರೆಯುವಾಗ ನಿಮ್ಮ ಕಡೆಯವರೊಬ್ಬರು ಅಲ್ಲಿರಲಿ. ನಕ್ಷೆಯಲ್ಲಿ ಬೈಕ್ ನಡುರಸ್ತೆಯಲ್ಲಿತ್ತೆಂದು ತಪ್ಪಾಗಿ ಗುರುತಿಸಿದರೆ ಅರ್ಧ ಪರಿಹಾರ ಹೋದಂತೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗಾಯಗೊಂಡ ಬೈಕ್ ಸವಾರರ ಮೇಲೆಯೇ ದೋಷಾರೋಪ ಪಟ್ಟಿ ಬಿದ್ದಾಗ, ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡು’ ಎನ್ನುವ ಸಲಹೆ ಬರುತ್ತದೆ. ಆ ತಪ್ಪೊಪ್ಪಿಗೆ ಪರಿಹಾರ ಪ್ರಕರಣದಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ವಕೀಲರನ್ನು ಕೇಳದೆ ಒಪ್ಪಬೇಡಿ.

ಅರ್ಜಿ: ಎಲ್ಲಿ, ಯಾವಾಗ, ಯಾರ ಮೇಲೆ

ಕಲಂ 166ರ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಹಿಂದೆ ಈ ಮಿತಿ ಇರಲಿಲ್ಲ. ‘ಗಾಯ ವಾಸಿಯಾಗಲಿ, ಆಮೇಲೆ ನೋಡೋಣ’ ಎನ್ನುವ ಹಳೆಯ ಅಭ್ಯಾಸವನ್ನು ಬಿಡಬೇಕು. ಚಿಕಿತ್ಸೆ ಮುಂದುವರಿಯುತ್ತಿದ್ದರೂ ಅರ್ಜಿ ಹಾಕಿ, ಬಿಲ್ಲುಗಳನ್ನು ನಂತರ ಸೇರಿಸಬಹುದು.

ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಜಗಳೂರಿನವರಿಗೆ ಹಿರಿಯೂರಿನ ಬಳಿ ರಾಜಸ್ಥಾನದ ಲಾರಿ ಗುದ್ದಿದರೂ, ತಾವು ವಾಸಿಸುವ ದಾವಣಗೆರೆ ಜಿಲ್ಲೆಯಲ್ಲೇ ಅರ್ಜಿ ಸಲ್ಲಿಸಬಹುದು. ಎದುರು ವಾಹನದ ಮಾಲೀಕರು ಮತ್ತು ವಿಮಾ ಕಂಪನಿ ಪ್ರತಿವಾದಿಗಳು, ಚಾಲಕರನ್ನೂ ಸೇರಿಸುವುದು ಒಳ್ಳೆಯದು. ಕೆಎಸ್‌ಆರ್‌ಟಿಸಿ ಬಸ್ ಆಗಿದ್ದರೆ ನಿಗಮವನ್ನೇ ಪ್ರತಿವಾದಿ ಮಾಡಬೇಕು, ಅದು ತನ್ನದೇ ನಿಧಿಯಿಂದ ಪರಿಹಾರ ಕೊಡುತ್ತದೆ. ಎದುರು ಚಾಲಕರಿಗೆ ಡಿಎಲ್ ಇರಲಿಲ್ಲ ಎಂದರೆ ಧೈರ್ಯಗೆಡಬೇಡಿ. ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ನಿಮಗೆ ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತವೆ.

ತಪ್ಪು ಯಾರದೆಂದು ಸಾಬೀತುಪಡಿಸದೆ ನಿಗದಿತ ಮೊತ್ತ ಪಡೆಯುವ ದಾರಿಯೂ ಕಲಂ 164ರಲ್ಲಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಆದರೆ ಅದನ್ನು ಇತ್ಯರ್ಥವಾಗಿ ಒಪ್ಪಿಕೊಂಡರೆ ಕಲಂ 166ರ ಅರ್ಜಿ ಬಿದ್ದುಹೋಗುತ್ತದೆ. ದುಡಿಯುವ ಮಗನನ್ನು ಕಳೆದುಕೊಂಡ ಮನೆಯವರು ಅವಸರದಲ್ಲಿ 5 ಲಕ್ಷಕ್ಕೆ ಸಹಿ ಹಾಕುವ ಮೊದಲು ಮುಂದಿನ ಲೆಕ್ಕ ನೋಡಲಿ.

ಪರಿಹಾರದ ಲೆಕ್ಕ

ಹರಿಹರದಲ್ಲಿ ಗಾರೆ ಕೆಲಸ ಮಾಡುವ 34 ವರ್ಷದವರೊಬ್ಬರು ತೀರಿಕೊಂಡರು, ತಿಂಗಳ ದುಡಿಮೆ 18,000, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು ಎಂದುಕೊಳ್ಳಿ. ಸ್ವಂತ ದುಡಿಮೆಯವರು, 40ರೊಳಗಿನ ವಯಸ್ಸು, ಆದ್ದರಿಂದ ಮುಂದಿನ ಆದಾಯ ಏರಿಕೆಗೆಂದು ಶೇ 40 ಸೇರಿಸಿದರೆ 25,200. ನಾಲ್ವರು ಅವಲಂಬಿತರಿರುವುದರಿಂದ ಮೃತರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 18,900. ವರ್ಷಕ್ಕೆ 2,26,800. 31ರಿಂದ 35 ವಯಸ್ಸಿಗೆ ಗುಣಕ 16, ಗುಣಿಸಿದರೆ 36,28,800 ರೂಪಾಯಿ. ಇದರ ಮೇಲೆ ಹೆಂಡತಿ, ಮಕ್ಕಳು, ತಾಯಿಗೆ ಸಾಂಗತ್ಯ ನಷ್ಟವೆಂದು ತಲಾ 40,000, ಆಸ್ತಿ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000. ಇವು 2017ರ ಸುಪ್ರೀಂ ಕೋರ್ಟ್ ತೀರ್ಪಿನ ಮೂಲ ಮೊತ್ತಗಳು, ಪ್ರತಿ ಮೂರು ವರ್ಷಕ್ಕೆ ಶೇ 10 ಏರುತ್ತವೆ.

ಗುಣಕ 25ರವರೆಗೆ 18, 26ರಿಂದ 30ಕ್ಕೆ 17, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13. ಮದುವೆಯಾಗದವರಾದರೆ ಸ್ವಂತ ಖರ್ಚಿಗೆ ಅರ್ಧ ಕಳೆಯುತ್ತಾರೆ.

ಇಡೀ ಲೆಕ್ಕ ನಿಂತಿರುವುದು ತಿಂಗಳ ಆದಾಯದ ಮೇಲೆ. ಸಂಬಳದ ಚೀಟಿ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಅಂದಾಜು ಆದಾಯವನ್ನು ಹಿಡಿಯುವುದು ವಾಡಿಕೆ. ನಿಜವಾದ ಗಳಿಕೆ ಅದಕ್ಕಿಂತ ಹೆಚ್ಚಿದ್ದರೆ ತೋರಿಸಬೇಕು: ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಜಮೆಗಳು, ಎಪಿಎಂಸಿ ಪಟ್ಟಿ, ಡೈರಿಯ ಹಾಲಿನ ಪುಸ್ತಕ, ಕಟ್ಟಡ ಕಾರ್ಮಿಕರ ಕಾರ್ಡ್, ಪಹಣಿ, ಗುತ್ತಿಗೆದಾರರ ಸಾಕ್ಷ್ಯ.

ಗಾಯದ ಪ್ರಕರಣದಲ್ಲಿ ಅಂಗವೈಕಲ್ಯದ ಶೇಕಡಾವಾರು ಒಂದೇ ಮುಖ್ಯವಲ್ಲ. ಆ ಊನ ಅವರ ದುಡಿಮೆಯನ್ನು ಎಷ್ಟು ಕುಗ್ಗಿಸಿತು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟಿನ 2010ರ ತೀರ್ಪು ಹೇಳುತ್ತದೆ. ಮೊಣಕಾಲು ಮಡಚಲಾಗದ ಸ್ಥಿತಿ ಕುಳಿತು ಕೆಲಸ ಮಾಡುವ ಗುಮಾಸ್ತರ ಸಂಬಳ ಕಡಿಮೆ ಮಾಡದಿರಬಹುದು. ದಾವಣಗೆರೆ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೆ ಅದೇ ಊನ ಕಸುಬನ್ನೇ ಕಸಿಯುತ್ತದೆ. ಇದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು, ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಬೇಕು. ಬರೀ ಪ್ರಮಾಣಪತ್ರ ಇಟ್ಟು ವೈದ್ಯರನ್ನು ಕರೆಸದಿದ್ದರೆ ಶೇಕಡಾವಾರು ಕಡಿತವಾಗುವುದೇ ಹೆಚ್ಚು.

ಗುದ್ದಿ ಪರಾರಿಯಾದರೆ

ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ 2022ರ ಯೋಜನೆಯಡಿ ಸಿಗುತ್ತದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಅಪಘಾತವಾದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಗೆ ‘ನಮೂನೆ 1’ರಲ್ಲಿ ಅರ್ಜಿ ಕೊಡಬೇಕು. ಎಫ್‌ಐಆರ್, ಆಸ್ಪತ್ರೆ ದಾಖಲೆ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಗುರುತಿನ ಚೀಟಿ, ಬ್ಯಾಂಕ್ ವಿವರ ಲಗತ್ತಿಸಿ. ಅಲ್ಲಿಂದ ಒಂದು ತಿಂಗಳೊಳಗೆ ವರದಿ ಜಿಲ್ಲಾಧಿಕಾರಿಗೆ ಹೋಗಿ, 15 ದಿನದಲ್ಲಿ ಮಂಜೂರಾಗಬೇಕು. ಈ ಯೋಜನೆ ಇದೆಯೆಂದೇ ಬಹುಪಾಲು ಕುಟುಂಬಗಳಿಗೆ ತಿಳಿದಿಲ್ಲ. ಮುಂದೆ ವಾಹನ ಪತ್ತೆಯಾಗಿ ನ್ಯಾಯಮಂಡಳಿಯಲ್ಲಿ ಪರಿಹಾರ ಸಿಕ್ಕರೆ ಈ ಹಣವನ್ನು ಹಿಂದಿರುಗಿಸಬೇಕಾಗುತ್ತದೆ.

ವಕೀಲರು, ಲೋಕ ಅದಾಲತ್, ಮೇಲ್ಮನವಿ

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಖಾಸಗಿ ವಕೀಲರನ್ನು ಇಟ್ಟುಕೊಂಡರೆ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಬರುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ಶುಲ್ಕ ಮಾತಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ.

ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಆದರೆ ಅಲ್ಲಿನ ಇತ್ಯರ್ಥದ ಮೇಲೆ ಮೇಲ್ಮನವಿ ಇಲ್ಲ. ಹೋಗುವ ಮೊದಲು ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳೊಂದಿಗೆ ಮಾಡಿಕೊಳ್ಳಿ. ಕಂಪನಿ ಹೇಳುವ ಮೊತ್ತ ಅದರ ಹತ್ತಿರವಿದ್ದರೆ ವರ್ಷಗಟ್ಟಲೆ ಕಾಯುವುದಕ್ಕಿಂತ ಒಪ್ಪುವುದು ಲೇಸು, ಅರ್ಧಕ್ಕೂ ಕಡಿಮೆಯಿದ್ದರೆ ಬೇಡ ಎನ್ನಿ.

ನ್ಯಾಯಮಂಡಳಿಯ ತೀರ್ಪು ಸಮಾಧಾನ ತರದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ನಮ್ಮ ಎರಡೂ ಜಿಲ್ಲೆಗಳ ಮೇಲ್ಮನವಿ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತದೆ, ಧಾರವಾಡಕ್ಕಲ್ಲ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ತೀರ್ಪಿನ ಮೊತ್ತಕ್ಕೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರುತ್ತದೆ. ಹಣ ಅರ್ಜಿದಾರರ ಖಾತೆಗೇ ನೇರವಾಗಿ ಜಮೆಯಾಗುವಂತೆ ನಿಮ್ಮದೇ ಹೆಸರಿನ ಪಾಸ್‌ಬುಕ್, ಆಧಾರ್, ಪ್ಯಾನ್ ಪ್ರತಿಗಳನ್ನು ತೀರ್ಪಿಗೆ ಮೊದಲೇ ಕೊಟ್ಟಿರಿ. ಅಪ್ರಾಪ್ತ ಮಕ್ಕಳ ಪಾಲನ್ನು ಅವರಿಗೆ 18 ತುಂಬುವ ತನಕ ಠೇವಣಿಯಲ್ಲಿ ಇಡುತ್ತಾರೆ. ಓದಿಗೋ ಚಿಕಿತ್ಸೆಗೋ ನಡುವೆ ಹಣ ಬೇಕಾದರೆ ಅದೇ ನ್ಯಾಯಮಂಡಳಿಗೆ ಶಾಲೆಯ ಶುಲ್ಕದ ಚೀಟಿ ಅಥವಾ ಆಸ್ಪತ್ರೆಯ ಅಂದಾಜು ಪಟ್ಟಿ ಲಗತ್ತಿಸಿ ಅರ್ಜಿ ಕೊಡಬಹುದು.